ಚಾಮರಾಜನಗರದ ಬೆಳವಣಿಗೆಯೂ ಬೀದಿಗಳ ಪ್ರಶ್ನೆಯೂ

ಅನುಮತಿಯಿಲ್ಲದೆ ಹುಟ್ಟಿಕೊಂಡ ಬಡಾವಣೆಗಳ ನಿವೇಶನಗಳಿಗೂ ಮನೆಗಳಿಗೂ ಒಂದು ಬಾರಿಗೆ ಬಿ-ಖಾತೆಯನ್ನು ಮಾಡಿಕೊಡತಕ್ಕದ್ದೆಂದು ರಾಜ್ಯ ಸರ್ಕಾರದವರು 2025ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ನಗರಸಭೆ ಪುರಸಭೆಗಳಿಗೆ ಅಪ್ಪಣೆ ಮಾಡಿದರು. ಸಾಲಸೋಲ ಮಾಡಿ ಮೂವತ್ತು ನಲವತ್ತು ಅಡಿಯ ಒಂದು ತುಂಡು ನೆಲವನ್ನು ಕೊಂಡು, ಕೈಯಲ್ಲಿ ಸರಿಯಾದ ಕಾಗದವಿಲ್ಲದೆ ವರ್ಷಗಟ್ಟಲೆ ಚಿಂತೆಪಟ್ಟ ಬಡ ಮಧ್ಯಮವರ್ಗದವರಿಗೆ ಇದರಿಂದ ಸಮಾಧಾನವಾಗಿರುವುದು ಸಹಜವೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಖಾತೆಯ ಹಾಳೆಯಲ್ಲಿ ಏನೇನು ಬರೆದಿರುತ್ತದೆ ಎಂಬುದನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕು. ಮಾಲೀಕನ ಹೆಸರು, ನಿವೇಶನದ ಅಳತೆ, ಚಕ್ಕುಬಂದಿ, ಸಲ್ಲಬೇಕಾದ ತೆರಿಗೆ, ಇಷ್ಟೆಲ್ಲ ಉಂಟು. ಮನೆಯ ಮುಂದಿನ ಬೀದಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬ ಒಂದು ಮಾತು ಮಾತ್ರ ಅದರಲ್ಲಿಲ್ಲ. ಊರಿನ ಮುಂದಿನ ನೂರು ವರ್ಷಗಳ ಸುಖದುಃಖವು ನಿಂತಿರುವುದು ಬಿಟ್ಟುಹೋದ ಆ ಮಾತಿನ ಮೇಲೆಯೇ ಎಂದು ನಾವು ಹೇಳಿದರೆ ಅತಿಶಯೋಕ್ತಿಯೆಂದು ಕೆಲವರಿಗೆ ತೋರಬಹುದು. ಆದಕಾರಣ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಪರಾಮರ್ಶಿಸಬೇಕಾಗಿದೆ.

ಚಾಮರಾಜನಗರವು ಹಿಂದೆ ಅರಿಕುಠಾರವೆಂಬ ಹೆಸರಿನ ಊರಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಗೌರವದಿಂದ 1818ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರಸ್ವಾಮಿಯ ದೇವಾಲಯವನ್ನು ಕಟ್ಟಿಸಿದರು. ರಥವು ದೇವಾಲಯವನ್ನು ಸುತ್ತಿ ಬರಬೇಕಾದರೆ ಬೀದಿಗೆ ತುದಿಯೆಂಬುದು ಇರಕೂಡದಷ್ಟೆ. ಹೊರಟಲ್ಲಿಗೇ ಅದು ಬಂದು ಸೇರಬೇಕು. ಆ ಕಾಲದ ಪೇಟೆ ಕೇರಿಗಳಲ್ಲಿ ಓಣಿಗಳು ಇಕ್ಕಟ್ಟಾಗಿದ್ದವು, ಸೊಟ್ಟವಾಗಿಯೂ ಇದ್ದವು. ಆದರೂ ಒಂದು ಓಣಿಯಲ್ಲಿ ಹೊಕ್ಕವನು ಇನ್ನೊಂದರಲ್ಲಿ ಹೊರಬೀಳುತ್ತಿದ್ದನು. ಗುಂಡ್ಲುಪೇಟೆಯ ಹಳೆಯ ಭಾಗವೂ ಇಂಥದೇ. ಹಿಂದೆ ವಿಜಯಪುರವೆನಿಸಿಕೊಂಡಿದ್ದ ಆ ಊರಿನಲ್ಲಿ ವಿಜಯನಾರಾಯಣಸ್ವಾಮಿಯ ಗುಡಿಯೂ, ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ ಪರವಾಸುದೇವರ ದೇವಸ್ಥಾನವೂ ಇರುವುದನ್ನು ಬಲ್ಲವರು ಬಲ್ಲರು. ಕಾಲುನಡಿಗೆಯೂ ಎತ್ತಿನ ಬಂಡಿಯೂ ಇದ್ದ ಕಾಲದಲ್ಲಿ ಬಳಸುದಾರಿಯನ್ನು ಸಹಿಸುವವರು ಯಾರೂ ಇರಲಿಲ್ಲ. ಜನರ ಕಾಲುಗಳೇ ಬೀದಿಗಳನ್ನು ಕೂಡಿಸಿಬಿಡುತ್ತಿದ್ದವು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಉದ್ದೇಶ ನಮ್ಮದಲ್ಲ. ಹಳೆಯ ಬೀದಿಗಳು ನಕ್ಷೆಯಲ್ಲಿ ಕೂಡಿದ್ದರೂ ಎಲ್ಲರ ಕಾಲಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಾಲಯದೊಳಕ್ಕೆ ಹೋಗುವುದಕ್ಕಲ್ಲ, ಅದರ ಸುತ್ತಣ ರಸ್ತೆಗಳಲ್ಲಿ ನಡೆಯುವುದಕ್ಕೆ. ಅಷ್ಟಾಗಿಯೂ 1925ರಲ್ಲಿ ತೆರೆದದ್ದು ಮೂರು ದಿಕ್ಕಿನ ದಾರಿಗಳು ಮಾತ್ರ. ಬೀದಿಯೆಂಬುದು ಸಮಾನತೆಯ ಪ್ರಶ್ನೆಯೆಂದು ನಮ್ಮ ಜನಕ್ಕೆ ಆಗಲೇ ತಿಳಿದಿತ್ತು. ಆಚಾರದ ಗೋಡೆಯನ್ನು ಕಾನೂನಿನಿಂದ ಕೆಡವಿದ ಮೇಲೆ ಇಟ್ಟಿಗೆಯ ಗೋಡೆಯನ್ನು ನಾವೇ ಕಟ್ಟಿಕೊಳ್ಳುವುದು ವಿವೇಕವೇ?

ಊರುಗಳನ್ನು ಯೋಚಿಸಿ ಬೆಳೆಸಬೇಕೆಂಬ ತಿಳಿವಳಿಕೆ ಮೈಸೂರು ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. 1898ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಿನ ಪೇಟೆಗಳನ್ನು ತಲ್ಲಣಗೊಳಿಸಿದಾಗ ಬಸವನಗುಡಿ, ಮಲ್ಲೇಶ್ವರಗಳು ನೇರವಾದ ಬೀದಿ, ಅಡ್ಡಬೀದಿಗಳೊಡನೆ ನೆಲೆಗೊಂಡವು. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಆ ಕಾಲದ ಬಡಾವಣೆಗಳಲ್ಲಿ ಇವತ್ತಿಗೂ ಒಬ್ಬ ಅಪರಿಚಿತನು ಮೊದಲನೆಯ ಮುಖ್ಯರಸ್ತೆ, ಎರಡನೆಯ ಅಡ್ಡರಸ್ತೆಯೆಂದು ಎಣಿಸುತ್ತ ಯಾರನ್ನೂ ಕೇಳದೆ ಮನೆ ಮುಟ್ಟಬಲ್ಲನು. ಮನೆಗಳು ಹೋದವು, ಮಹಡಿಗಳು ಎದ್ದವು, ತೋಟಗಳಿದ್ದ ಕಡೆ ಅಂಗಡಿಗಳು ಬಂದವು. ಬೀದಿಯ ಗೆರೆ ಮಾತ್ರ ಹಾಗೆಯೇ ಇದೆ.

ಈ ಕಡೆಯ ಮಾತಿನಲ್ಲಿಯೇ ವಿಷಯದ ತಿರುಳಿರುವುದು. ಊರಿನಲ್ಲಿರುವ ವಸ್ತುಗಳಲ್ಲೆಲ್ಲ ಅತ್ಯಂತ ಚಿರಸ್ಥಾಯಿಯಾದದ್ದು ಬೀದಿ. ಲಂಡನ್ ನಗರವು 1666ರಲ್ಲಿ ಬೆಂಕಿಗೆ ಆಹುತಿಯಾದಾಗ ಕ್ರಿಸ್ಟೊಫರ್ ರೆನ್ ಮೊದಲಾದವರು ವಿಶಾಲವಾದ ಹೊಸ ಬೀದಿಗಳ ನಕ್ಷೆಗಳನ್ನು ಬರೆದುಕೊಟ್ಟರು. ಬೂದಿ ಆರುವುದರೊಳಗಾಗಿ ನೆಲದ ಒಡೆಯರು ತಮ್ಮ ತಮ್ಮ ಎಲ್ಲೆಗಳ ಮೇಲೆ ನಿಂತುಕೊಂಡರು; ಕೆಲವು ಬೀದಿಗಳು ಅಗಲವಾದುದನ್ನು ಬಿಟ್ಟರೆ ಊರು ಬಹುಮಟ್ಟಿಗೆ ಹಳೆಯ ಗೆರೆಗಳ ಮೇಲೆಯೇ ಮತ್ತೆ ಎದ್ದಿತು. 1906ರ ಭೂಕಂಪವೂ ಬೆಂಕಿಯೂ ಸೇರಿ ನೆಲಸಮ ಮಾಡಿದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಕಥೆಯೂ ಇದೇ. ಮನೆ ಸುಟ್ಟರೂ ಎಲ್ಲೆಯ ಗೆರೆ ಸುಡುವುದಿಲ್ಲ. ನೆಲವು ತುಂಡುತುಂಡಾಗಿ ನೂರು ಜನರ ಹೆಸರಿಗೆ ದಾಖಲಾದಮೇಲೆ ಬೀದಿಯೊಂದನ್ನು ಹತ್ತು ಅಡಿ ಸರಿಸುವುದಕ್ಕೂ ನೂರು ರುಜುಗಳು ಬೇಕು.

ಇತ್ತೀಚೆಗೆ ಈ ವಿಷಯವನ್ನು ಅಳತೆಗೆ ಸಿಕ್ಕುವಂತೆ ಮಾಡಿದ ಇಬ್ಬರು ವಿದ್ವಾಂಸರನ್ನು ಇಲ್ಲಿ ಹೆಸರಿಸಬೇಕು. ಬ್ಯಾರಿಂಗ್ಟನ್-ಲೀ ಮತ್ತು ಮಿಲರ್ಡ್-ಬಾಲ್ ಎಂಬವರು 2015ರಲ್ಲಿ ಅಮೆರಿಕದ ಬೀದಿಗಳನ್ನೂ, 2020ರಲ್ಲಿ ಇಡೀ ಪ್ರಪಂಚದ ಬೀದಿಗಳನ್ನೂ ಲೆಕ್ಕಹಾಕಿ ಪ್ರಕಟಿಸಿದರು. ಅವರ ಲೆಕ್ಕದ ಬೇರು ಬಹಳ ಸರಳವಾದದ್ದು. ಬೀದಿಗಳು ಕೂಡುವ ಪ್ರತಿಯೊಂದು ಸ್ಥಳದಲ್ಲಿಯೂ ನಿಂತು, ಇಲ್ಲಿಂದ ಎಷ್ಟು ಕಡೆಗೆ ಹೋಗಬಹುದೆಂದು ಎಣಿಸುವುದು. ಚೌಕದಲ್ಲಿ ನಾಲ್ಕು, ಕವಲಿನಲ್ಲಿ ಮೂರು, ಮುಂದೆ ದಾರಿಯಿಲ್ಲದ ಬೀದಿಯ ಕೊನೆಯಲ್ಲಿ ಒಂದೇ. ಊರಿನ ಸರಾಸರಿ ಮೇಲಕ್ಕೇರಿದಷ್ಟೂ ಬೀದಿಗಳು ಕೂಡಿಕೊಂಡಿವೆಯೆಂದೂ, ಇಳಿದಷ್ಟೂ ಕಡಿದುಹೋಗಿವೆಯೆಂದೂ ಅರ್ಥ. ಇದಕ್ಕೆ ಬಳಸುದಾರಿಯ ಉದ್ದವೇ ಮೊದಲಾದ ಇತರ ಅಳತೆಗಳನ್ನೂ ಅವರು ಸೇರಿಸಿಕೊಂಡರು. ಅಮೆರಿಕದಲ್ಲಿ ಹೊಸ ಬೀದಿಗಳು ದಶಕದಿಂದ ದಶಕಕ್ಕೆ ಹೆಚ್ಚುಹೆಚ್ಚಾಗಿ ಕಡಿದುಹೋಗುತ್ತ ಬಂದು, 1994ರ ಸುಮಾರಿಗೆ ಆ ಕೆಡಕು ತುತ್ತತುದಿಯನ್ನು ಮುಟ್ಟಿ, ಅಲ್ಲಿಂದ ಈಚೆಗೆ ಸ್ವಲ್ಪ ಸುಧಾರಿಸಿತಂತೆ. ಆದರೆ ಪ್ರಪಂಚದ ಇತರ ಭಾಗಗಳಲ್ಲಿ 1975ರಿಂದೀಚೆಗೆ ಕಟ್ಟಿದ ಬೀದಿಗಳನ್ನು ನೋಡಿದರೆ, ಅಮೆರಿಕದವರು ಪಶ್ಚಾತ್ತಾಪಪಡುತ್ತಿರುವ ದಾರಿಯನ್ನೇ ಬಹುಮಂದಿ ಹಿಡಿದಿರುವರೆಂದು ಕಾಣುತ್ತದೆ. ದಕ್ಷಿಣ ಅಮೆರಿಕದ ಅನೇಕ ನಗರಗಳೂ ಜಪಾನ್ ದೇಶವೂ ಮಾತ್ರ ಹಳೆಯ ಚೌಕಟ್ಟನ್ನು ಬಹುಮಟ್ಟಿಗೆ ಕಾಪಾಡಿಕೊಂಡಿವೆ.

ಅಮೆರಿಕದವರಿಗೆ ಆ ಬುದ್ಧಿ ಬಂದದ್ದು ಮೋಟಾರಿನ ಭಯದಿಂದ. 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಎಂಬಲ್ಲಿ, ಮಕ್ಕಳು ಮೋಟಾರಿಗೆ ಸಿಕ್ಕದಿರಲೆಂಬ ಸದುದ್ದೇಶದಿಂದಲೇ, ಕೊನೆ ಮುಚ್ಚಿದ ಬೀದಿಗಳ ಬಡಾವಣೆಯನ್ನು ಕಟ್ಟಿದರು. ಜೊತೆಗೆ ಕಾಲುನಡಿಗೆಯವರಿಗಾಗಿ ತೋಟಗಳ ನಡುವೆ ಪ್ರತ್ಯೇಕವಾದ ಹಾದಿಗಳನ್ನೂ ಬಿಟ್ಟರು. ಆಮೇಲೆ ಗೃಹನಿರ್ಮಾಣದ ಸಾಲಗಳಿಗೆ ಜಾಮೀನು ನಿಲ್ಲುತ್ತಿದ್ದ ಅಲ್ಲಿನ ಸರ್ಕಾರದ ಇಲಾಖೆಯೇ ಮುಚ್ಚಿದ ಬೀದಿಯನ್ನು ಮಾದರಿಯೆಂದು ಶಿಫಾರಸು ಮಾಡಿತು. ಬಡಾವಣೆಯ ವ್ಯಾಪಾರಿಗಳು ಮುಚ್ಚಿದ ಬೀದಿಯನ್ನು ತೆಗೆದುಕೊಂಡು ಕಾಲುಹಾದಿಯನ್ನು ಕೈಬಿಟ್ಟರು. ಎಲ್ಲ ದೇಶಗಳಲ್ಲಿಯೂ ವ್ಯಾಪಾರಿಗಳು ಹೀಗೆಯೇ ಎಂದು ತೋರುತ್ತದೆ.

ನಮ್ಮ ಊರುಗಳಲ್ಲಿ ಬೀದಿಗಳು ಕಡಿದುಹೋಗುವುದಕ್ಕೆ ಕಾರಣ ಮೋಟಾರಿನ ಭಯವಲ್ಲ, ತತ್ತ್ವವಂತೂ ಮೊದಲೇ ಅಲ್ಲ. ಇದಕ್ಕೆ ಕಾರಣ ಹೊಲದ ಆಕಾರ. ಚಾಮರಾಜನಗರವು 1997ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತು. ಮುಖ್ಯಮಂತ್ರಿಗಳು ಈ ಊರಿಗೆ ಕಾಲಿಟ್ಟರೆ ಪದವಿ ಕಳೆದುಕೊಳ್ಳುವರೆಂಬ ಮೌಢ್ಯಕ್ಕೆ ವಿದ್ಯಾವಂತರೂ ತಲೆಬಾಗಿ ದೂರವಿದ್ದುದನ್ನು ಇಲ್ಲಿ ಕೆದಕುವ ಅವಶ್ಯಕತೆಯಿಲ್ಲ; ಯಾರು ಬರಲಿ ಬಿಡಲಿ ಕಚೇರಿಗಳು ಬಂದವು, ನೌಕರರು ಬಂದರು, 2016ರಲ್ಲಿ ಊರ ಹೊರಗೆ ಯಡಪುರದ ಬಳಿಯಲ್ಲಿ ವೈದ್ಯಕೀಯ ಕಾಲೇಜೂ ಪ್ರಾರಂಭವಾಯಿತು, ನಂಜನಗೂಡಿನ ಕಡೆ ಬದನಗುಪ್ಪೆ ಕೆಲ್ಲಂಬಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶವಾಯಿತು. 2001ರಲ್ಲಿ 60,810 ಇದ್ದ ಪಟ್ಟಣದ ಜನಸಂಖ್ಯೆ 2011ರ ಗಣತಿಯಲ್ಲಿ 69,875 ಆಯಿತು. ಗುಂಡ್ಲುಪೇಟೆಯದು ಅದೇ ಗಣತಿಯಂತೆ ಸುಮಾರು 28 ಸಾವಿರ. ಇಡೀ ಜಿಲ್ಲೆಯ ಜನ 10 ಲಕ್ಷ 20 ಸಾವಿರ; ಆ ಹತ್ತು ವರ್ಷಗಳಲ್ಲಿ ಜಿಲ್ಲೆ ಬೆಳೆದದ್ದು ನೂರಕ್ಕೆ 6ಕ್ಕೂ ಕಡಿಮೆ. ಇದನ್ನು ಬೆಂಗಳೂರಿನ ಮಹಾಪ್ರವಾಹದೊಡನೆ ಹೋಲಿಸುವಂತಿಲ್ಲ. ಆದರೆ ಜನ ಮೆಲ್ಲನೆ ಬೆಳೆಯುವ ಊರು ಮೆಲ್ಲನೆಯೇ ಹರಡುತ್ತದೆಂಬ ನಿಯಮವಿಲ್ಲ. ನಿವೇಶನವು ವಾಸಕ್ಕೆ ಮಾತ್ರವಲ್ಲದೆ ಹಣ ಹೂಡುವುದಕ್ಕೂ ಸಾಧನವಾದಮೇಲೆ, ಕಲ್ಲು ನೆಟ್ಟು ಬಣ್ಣ ಬಳಿದ ಖಾಲಿ ಬಡಾವಣೆಗಳು ಮನೆಗಳಿಗಿಂತ ಬಹಳ ಮುಂದಾಗಿ ಹೊಲಗಳನ್ನು ಆಕ್ರಮಿಸುತ್ತವೆ.

ಇವು ಹೊರಡುವುದು ಎಲ್ಲಿಂದ? ಊರಿನಿಂದ ನಾಲ್ಕು ಕಡೆಗೂ ಚಾಚಿದ ದೊಡ್ಡ ರಸ್ತೆಗಳ ಮಗ್ಗುಲಿನಿಂದ. ನಂಜನಗೂಡಿನ ರಸ್ತೆ, ಸಂತೇಮರಹಳ್ಳಿಯ ರಸ್ತೆ, ಸತ್ಯಮಂಗಲದ ರಸ್ತೆ, ಗುಂಡ್ಲುಪೇಟೆಯ ರಸ್ತೆ, ಇವೇ ಚಾಮರಾಜನಗರದ ಬೆರಳುಗಳು. ಬೆರಳುಗಳು ಉದ್ದವಾಗುತ್ತಿವೆ, ಅಂಗೈ ಅಗಲವಾಗುತ್ತಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ರಸ್ತೆಯ ಮಗ್ಗುಲಲ್ಲಿ ಇನ್ನೂರು ಅಡಿ ಅಗಲವಾಗಿಯೂ ಎಂಟುನೂರು ಅಡಿ ಉದ್ದವಾಗಿಯೂ ಇರುವ ಒಂದು ಹೊಲವಿದೆಯೆಂದು ಭಾವಿಸಿರಿ; ವಿಸ್ತೀರ್ಣ ಹೆಚ್ಚುಕಡಮೆ ಮೂರು ಎಕರೆ ಇಪ್ಪತ್ತೇಳು ಗುಂಟೆ. ಒಡೆಯನು ಅದರ ನಡುವೆ ಒಂದು ಬೀದಿಯನ್ನು ಬಿಟ್ಟು ಎರಡು ಕಡೆಗೂ ನಿವೇಶನಗಳನ್ನು ಮಾಡಿ ಮಾರುತ್ತಾನೆ. ಬೀದಿಯು ಹಿಂದಿನ ಹೊಲದ ಬೇಲಿಗೆ ಬಂದು ನಿಲ್ಲುತ್ತದೆ. ಎರಡು ವರ್ಷಗಳ ಮೇಲೆ ಪಕ್ಕದ ಹೊಲದವನೂ ಅದರಂತೆಯೇ ಮಾಡುತ್ತಾನೆ. ಇಬ್ಬರೂ ತಮ್ಮ ತಮ್ಮ ನೆಲದಲ್ಲಿ ಒಂದು ಅಂಗುಲವನ್ನೂ ವ್ಯರ್ಥಮಾಡಿಲ್ಲ. ಇಬ್ಬರನ್ನೂ ಯಾರೂ ದೂರುವಂತಿಲ್ಲ. ಆದರೆ ಮೊದಲನೆಯ ಬೀದಿಯ ತುದಿಯ ಮನೆಯಿಂದ ಎರಡನೆಯ ಬೀದಿಯ ತುದಿಯ ಮನೆಗೆ ಹೋಗಬೇಕಾದವಳೊಬ್ಬಳು ಎಂಟುನೂರು ಅಡಿ ಮುಂದಕ್ಕೆ ನಡೆದು, ಹೆದ್ದಾರಿಯ ಅಂಚಿನಲ್ಲಿ ಇನ್ನೂರು ಅಡಿ ಸಾಗಿ, ಮತ್ತೆ ಎಂಟುನೂರು ಅಡಿ ಒಳಕ್ಕೆ ಹೋಗಬೇಕು. ಅಡ್ಡಬೀದಿಯೊಂದಿದ್ದಿದ್ದರೆ ಇನ್ನೂರು ಅಡಿಗೆ ಮುಗಿಯುತ್ತಿದ್ದ ದಾರಿ ಸಾವಿರದ ಎಂಟುನೂರು ಅಡಿಯಾಯಿತು. ಒಂಬತ್ತರಷ್ಟು! ಹಿತ್ತಿಲ ಗೋಡೆಯ ಮೇಲೆ ಪಲ್ಯದ ಬಟ್ಟಲನ್ನು ದಾಟಿಸಬಹುದಾದ ನೆರೆಯವರು ನಡಿಗೆಯ ಲೆಕ್ಕದಲ್ಲಿ ಬೇರೆ ಊರಿನವರಾದರು. ಇಂಥ ಹತ್ತು ಹೊಲಗಳು ಸಾಲಾಗಿದ್ದರೆ ಎರಡು ಸಾವಿರ ಅಡಿಗಳೊಳಗೆ ಹೆದ್ದಾರಿಗೆ ಹತ್ತು ಬಾಯಿಗಳು. ಹಾಲು ತರುವ ಹುಡುಗನಿಂದ ಹಿಡಿದು ಇಟ್ಟಿಗೆಯ ಲಾರಿಯವರೆಗೆ ಪ್ರತಿಯೊಬ್ಬನೂ ಪ್ರತಿಯೊಂದು ಕೆಲಸಕ್ಕೂ ಆ ಬಾಯಿಗಳಿಂದಲೇ ಹೊರಬರತಕ್ಕದ್ದು.

ಮುಂದಿನ ಅನರ್ಥಗಳು ಇದರಿಂದ ತಾನಾಗಿಯೇ ಹುಟ್ಟುವುವು. ರಸ್ತೆಯಲ್ಲಿ ಗದ್ದಲವಾಯಿತೆಂದು ಕೂಗು ಬರುತ್ತದೆ. ಸರ್ಕಾರವು ಹಣ ಮಂಜೂರು ಮಾಡಿ ದೊಡ್ಡ ರಸ್ತೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಚಾಮರಾಜನಗರದಲ್ಲಿ ಬಿ. ರಾಚಯ್ಯ ಜೋಡಿರಸ್ತೆಯಂಥ ಅಗಲವಾದ ರಸ್ತೆ ಇರುವುದು ಒಳ್ಳೆಯದೇ. ಆದರೆ ಒಳಬೀದಿಗಳು ಒಂದಕ್ಕೊಂದು ಕೂಡದಿರುವ ಊರಿನಲ್ಲಿ ದೊಡ್ಡ ರಸ್ತೆಯನ್ನು ಎಷ್ಟು ಅಗಲಮಾಡಿದರೂ ಸಾಲದು. ಎಲ್ಲ ಹೊರೆಯೂ ಅದರ ಒಂದೇ ಬೆನ್ನಿನ ಮೇಲೆ ಬೀಳುವುದಷ್ಟೆ. ಗುಂಡ್ಲುಪೇಟೆಯನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಮನದಟ್ಟಾಗುವುದು. ಮೈಸೂರಿನಿಂದ ಬರುವ ಹೆದ್ದಾರಿ ಅಲ್ಲಿ ಎರಡಾಗಿ ಕವಲೊಡೆದು, ಒಂದು ಬಂಡೀಪುರದ ಮೇಲೆ ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೂ ಹೋಗುತ್ತದೆ. ಮೂರು ರಾಜ್ಯಗಳ ಸರಕೂ ಪ್ರವಾಸಿಗಳೂ ಹಾಯುವ ದಾರಿಯೇ ಆ ಊರಿನವರು ತರಕಾರಿ ತರುವುದಕ್ಕೂ ಮಕ್ಕಳನ್ನು ಪಾಠಶಾಲೆಗೆ ಕಳುಹಿಸುವುದಕ್ಕೂ ಹಿಡಿಯಬೇಕಾದ ದಾರಿಯಾಗಿದ್ದರೆ ಅಪಾಯ ಯಾರಿಗೆಂದು ಹೇಳಬೇಕಾದ್ದಿಲ್ಲವಷ್ಟೆ. ಬಂಡೀಪುರದ ಕಾಡಿನೊಳಗೆ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ವಾಹನಸಂಚಾರವನ್ನು 2009ರಲ್ಲಿ ನಿಲ್ಲಿಸಿದ್ದು ಬೇರೆ ಮಾತು. ಅಲ್ಲಿ ದಾರಿಯನ್ನು ಮುಚ್ಚುವುದರಿಂದ ಮೂಕಪ್ರಾಣಿಗಳ ಜೀವ ಉಳಿಯುತ್ತದೆ. ಊರೊಳಗೆ ದಾರಿಯನ್ನು ಮುಚ್ಚುವುದರಿಂದ ಯಾವ ಪ್ರಾಣಿಯ ಜೀವ ಉಳಿಯುತ್ತದೆಯೋ ನಮಗೆ ತಿಳಿಯದು.

ನೆಲದ ಮೇಲಿನದಷ್ಟೇ ಅಲ್ಲ, ನೆಲದ ಕೆಳಗಿನದೂ ಬೀದಿಯನ್ನೇ ಅನುಸರಿಸಬೇಕು. ನೀರಿನ ಕೊಳಾಯಿಗಳು ಒಂದಕ್ಕೊಂದು ಬಳೆಯಂತೆ ಕೂಡಿದ್ದರೆ ಒಂದು ಕಡೆ ಒಡೆದರೂ ಇನ್ನೊಂದು ಕಡೆಯಿಂದ ನೀರು ಬರುತ್ತದೆ, ಒತ್ತಡವೂ ಸಮವಾಗಿರುತ್ತದೆ. ಮುಚ್ಚಿದ ಬೀದಿಯ ಕೊಳಾಯಿಯಲ್ಲಿ ತುದಿಯ ಮನೆಗೆ ನೀರು ಸಣ್ಣಗಾಗುತ್ತದೆ, ನಿಂತ ನೀರಿನಲ್ಲಿ ಮಡ್ಡಿ ಕೂಡುತ್ತದೆ. ಒಳಚರಂಡಿಯ ಎಂಜಿನಿಯರಿಗೆ ನೆಲದ ಇಳಿಜಾರು ಒಂದು ಕಡೆ, ಬೀದಿಯ ಬಾಯಿ ಇನ್ನೊಂದು ಕಡೆ. ಬೆಂಕಿಯ ಇಂಜಿನ್ ಒಳಕ್ಕೆ ಹೋದರೆ ಹಿಮ್ಮುಖವಾಗಿಯೇ ಹೊರಬರಬೇಕು. ಅದರ ಹಿಂದೆ ಒಂದು ಟ್ರಾಕ್ಟರು ನಿಂತುಬಿಟ್ಟರೆ ಮುಗಿಯಿತು. ಬಸ್ಸು ಇಂಥ ಬೀದಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹೀಗಾಗಿ ಮನೆಗೊಂದು ದ್ವಿಚಕ್ರವಾಹನ ಅನಿವಾರ್ಯವಾಗುತ್ತದೆ. ಅದನ್ನು ಕೊಳ್ಳಲಾರದ ಬಡವನಿಗೂ, ಓಡಿಸಲಾರದ ಮುದುಕರಿಗೂ ಮಕ್ಕಳಿಗೂ ಮಾತ್ರ ಒಂಬತ್ತರಷ್ಟು ನಡಿಗೆ ಉಳಿಯುತ್ತದೆ.

ಮುಂದೆ ದಾರಿಯಿಲ್ಲದಿರುವುದೆಂದರೇನೆಂಬುದನ್ನು ಚಾಮರಾಜನಗರದ ಜನಕ್ಕೆ ಬೇರೊಬ್ಬರು ಕಲಿಸಬೇಕಾಗಿಲ್ಲ. 1926ರಲ್ಲಿ ನಂಜನಗೂಡಿನಿಂದ ಇಲ್ಲಿಯವರೆಗೆ ಬಂದ ರೈಲುಮಾರ್ಗವು ಅಂದಿನಿಂದ ಇಂದಿನವರೆಗೆ ಇಲ್ಲಿಯೇ ನಿಂತಿದೆ. ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಕೂಡಿಸಬೇಕೆಂಬ ಮಾತು ತಲೆಮಾರುಗಳಿಂದ ನಡೆಯುತ್ತಲೇ ಇದೆ. ಹಳಿಗಳು ಅಗಲವಾದವೇ ಹೊರತು ಮುಂದಕ್ಕೆ ಹೋಗಲಿಲ್ಲ. ಕಾಡಿನ ಕಾರಣದಿಂದ ಅದು ಹೋಗದಿರುವುದೇ ಲೇಸೆನ್ನುವವರೂ ಇರುವರು. ಆ ಚರ್ಚೆ ಇಲ್ಲಿ ಬೇಡ. ರೈಲಿನ ಕೊನೆಯ ನಿಲ್ದಾಣವಾಗಿ ನೂರು ವರ್ಷ ಕಳೆದ ಊರು ತನ್ನ ಒಳಬೀದಿಗಳಿಗೂ ಅದೇ ಗತಿಯನ್ನು ತಂದುಕೊಳ್ಳಬಾರದೆಂಬುದಷ್ಟೇ ನಮ್ಮ ಆಶಯ.

ಇದಕ್ಕೆ ಹೊಣೆ ಯಾರು? ಹೊಲವನ್ನು ವಸತಿಗೆ ಪರಿವರ್ತಿಸಿಕೊಡುವ ಆಜ್ಞೆ ಜಿಲ್ಲಾಧಿಕಾರಿಗಳ ಕಚೇರಿಯದು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಯೋಜನಾ ಪ್ರಾಧಿಕಾರದ್ದು. ಕ್ರಯಪತ್ರ ಸಬ್‌ರಿಜಿಸ್ಟ್ರಾರರದು. ಖಾತೆ ನಗರಸಭೆಯದು, ಎಲ್ಲೆಯ ಹೊರಗಾದರೆ ಗ್ರಾಮಪಂಚಾಯಿತಿಯದು. ಪ್ರತಿಯೊಂದು ಮೇಜಿನ ಮೇಲೂ ಒಂದೊಂದು ಹೊಲದ ಕಾಗದ ಒಂಟಿಯಾಗಿ ಬರುತ್ತದೆ. ಪಕ್ಕದ ಹೊಲದ ಕಾಗದವನ್ನು ತೆಗೆದು ಅದರ ಮಗ್ಗುಲಲ್ಲಿಟ್ಟು ನೋಡುವುದು ಯಾರ ಕರ್ತವ್ಯವೂ ಆಗಿ ಉಳಿದಿಲ್ಲ. 1992ರ ಎಪ್ಪತ್ತನಾಲ್ಕನೆಯ ಸಂವಿಧಾನ ತಿದ್ದುಪಡಿಯು ಪೌರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದಾಗಿ ನಗರಯೋಜನೆಯನ್ನೇ ಹೇಳಿದೆ. ಸ್ಥಳೀಯ ಸ್ವಯಮಾಡಳಿತಕ್ಕಾಗಿ ಹಿಂದೆ ಹೋರಾಡಿದ ದೇಶವಿದು. ಚುನಾಯಿತರಾದ ಪೌರಪ್ರತಿನಿಧಿಗಳ ಪಾಲಿಗೆ ಚರಂಡಿ, ದೀಪ, ತೆರಿಗೆಗಳನ್ನು ಬಿಟ್ಟು, ಊರು ಯಾವ ಕಡೆಗೆ ಹೇಗೆ ಬೆಳೆಯಬೇಕೆಂಬ ಪ್ರಶ್ನೆಯನ್ನು ಅವರ ಕೈಮೀರಿದ ಕಚೇರಿಗಳಲ್ಲಿ ಹಂಚಿಟ್ಟಿರುವುದು ಆ ತಿದ್ದುಪಡಿಯ ಆತ್ಮಕ್ಕೆ ಒಪ್ಪುವ ಮಾತಲ್ಲ.

ಅಕ್ರಮವನ್ನು ಸಕ್ರಮ ಮಾಡುವ ಯೋಜನೆಗಳ ಚರಿತ್ರೆಯೂ ಉತ್ಸಾಹಕರವಾಗಿಲ್ಲ. ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಯನ್ನು 2017ರಲ್ಲಿ ಸುಪ್ರೀಂ ಕೋರ್ಟು ತಡೆಹಿಡಿಯಿತು. ಈಗಿನ ಬಿ-ಖಾತೆಯು ತೆರಿಗೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಕ್ರಮವೇ ಹೊರತು ಬಡಾವಣೆಗೆ ಒಪ್ಪಿಗೆಯಲ್ಲವೆಂದು ಹೇಳುವರು. ಒಪ್ಪಿದೆವು. ಆದರೆ ಒಂದು ಬಾರಿ ಖಾತೆಯಾಗಿ, ಅದರ ಮೇಲೆ ಕ್ರಯವಾಗಿ, ಸಾಲವಾಗಿ, ಮನೆಯೆದ್ದಮೇಲೆ ಬೀದಿಯ ತುದಿಯಲ್ಲಿರುವ ಕೊನೆಯ ನಿವೇಶನವನ್ನು ಬಿಡಿಸಿಕೊಂಡು ಮುಂದಿನ ಬೀದಿಗೆ ಕೂಡಿಸುವುದು ಯಾರಿಂದಾದೀತು? ಇವತ್ತು ಆ ಒಂದು ನಿವೇಶನ ಖಾಲಿಯಾಗಿರುವಾಗ ಅದರ ಬೆಲೆಯನ್ನು ಕೊಟ್ಟು ಬಿಡಿಸಿಕೊಳ್ಳುವುದು ನಗರಸಭೆಗೆ ಅಸಾಧ್ಯವಲ್ಲ. ಹತ್ತು ವರ್ಷಗಳ ಮೇಲೆ ಅಲ್ಲಿ ಮೂರು ಅಂತಸ್ತಿನ ಮನೆಯಿರುವುದು. ಬಿ-ಖಾತೆಗಾಗಿ ವಸೂಲಾಗುವ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ಮೀಸಲಾಗಿಡಬೇಕೆಂದು ನಾವು ಸೂಚಿಸುತ್ತೇವೆ.

ಮುಚ್ಚಿದ ಬೀದಿಯಲ್ಲಿ ಸದ್ದುಗದ್ದಲವಿಲ್ಲ, ಕಳ್ಳಕಾಕರ ಭಯ ಕಡಮೆ, ಮಕ್ಕಳು ಆಡಿಕೊಳ್ಳಬಹುದು ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಮೋಟಾರನ್ನು ತಡೆಯಬೇಕಾದ ಕಡೆ ಎರಡು ಕಲ್ಲುಕಂಬಗಳನ್ನು ನೆಟ್ಟು, ನಡೆಯುವವನಿಗೂ ಬೈಸಿಕಲ್ಲಿಗೂ ದಾರಿ ಬಿಟ್ಟರೆ ಶಾಂತಿಯೂ ಉಳಿಯುತ್ತದೆ, ದಾರಿಯೂ ಉಳಿಯುತ್ತದೆ. ಇದಕ್ಕಿಂತ ಗಹನವಾದ ಆಕ್ಷೇಪಣೆ ಸಣ್ಣ ಹಿಡುವಳಿದಾರನದು. ಒಂದೇ ಎಕರೆಯ ಒಡೆಯನ ಹೊಲದ ನಡುವೆಯೇ ನಲವತ್ತು ಅಡಿಯ ರಸ್ತೆಯ ಗೆರೆ ಹಾದುಹೋದರೆ ಅವನಿಗೆ ಉಳಿಯುವುದೇನು? ಊರಿಗೆಲ್ಲ ಬೇಕಾದ ರಸ್ತೆಗಾಗಿ ಒಬ್ಬ ಬಡ ರೈತನು ಮಾತ್ರ ನೆಲವನ್ನು ಕಳೆದುಕೊಳ್ಳುವುದು ನ್ಯಾಯವಲ್ಲ. ಈ ಪ್ರಶ್ನೆಗೆ ಉತ್ತರ ಹೇಳದ ಯೋಜನೆ ಕಾಗದದ ಮೇಲೆಯೇ ಉಳಿಯುವುದೂ ಆಶ್ಚರ್ಯವಲ್ಲ.

ಉತ್ತರವು ನಮ್ಮ ದೇಶದಲ್ಲಿಯೇ, ನೂರು ವರ್ಷಗಳಿಗೂ ಹಿಂದಿನಿಂದ ಇದೆ. 1915ರ ಮುಂಬಯಿ ನಗರಯೋಜನಾ ಶಾಸನವು ಹಾಕಿಕೊಟ್ಟ ಕ್ರಮವನ್ನು ಗುಜರಾತಿನವರು 1976ರ ತಮ್ಮ ಶಾಸನದಲ್ಲಿ ಉಳಿಸಿಕೊಂಡು ಅಹಮದಾಬಾದಿನ ಸುತ್ತಲೂ ಪ್ರಯೋಗಿಸುತ್ತ ಬಂದಿರುವರು. ಅಕ್ಕಪಕ್ಕದ ಹೊಲಗಳನ್ನೆಲ್ಲ ಒಂದು ರಾಶಿಯೆಂದು ಭಾವಿಸಿ, ಪ್ರತಿಯೊಬ್ಬನಿಂದಲೂ ಅವನ ಹಿಡುವಳಿಗೆ ತಕ್ಕ ಪಾಲನ್ನು ರಸ್ತೆ, ಪಾಠಶಾಲೆ, ಉದ್ಯಾನಗಳಿಗಾಗಿ ತೆಗೆದುಕೊಂಡು, ಉಳಿದುದನ್ನು ನೇರವಾದ ತುಂಡುಗಳಾಗಿ ಅದೇ ಒಡೆಯರಿಗೆ ಹಿಂದಿರುಗಿಸುವುದು ಆ ಕ್ರಮ. ನೆಲ ಸ್ವಲ್ಪ ಕಡಮೆಯಾಗುತ್ತದೆ. ರಸ್ತೆ ಬಂದುದರಿಂದ ಬೆಲೆ ಏರುತ್ತದೆ. ನಷ್ಟವೂ ಲಾಭವೂ ಎಲ್ಲರ ಮೇಲೆ ಹಂಚಿಹೋಗುತ್ತದೆ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನದಲ್ಲಿಯೂ ನಗರಯೋಜನಾ ಸ್ಕೀಮುಗಳ ಒಂದು ಅಧ್ಯಾಯವೇ ಉಂಟು. ಅದರ ಉಪಯೋಗ ಮಾತ್ರ ನಮ್ಮಲ್ಲಿ ಅತ್ಯಲ್ಪ. ಆಯುಧವನ್ನು ಗೂಡಿನಲ್ಲಿಟ್ಟು ಶತ್ರುವನ್ನು ಶಪಿಸುವವರಂತೆ ನಾವಿದ್ದೇವೆ.

ಇಷ್ಟು ಮಾಡುವ ಶಕ್ತಿಯೂ ಸಣ್ಣ ಊರುಗಳಿಗಿಲ್ಲವೆನ್ನುವುದಾದರೆ, ನಮಗಿಂತ ಬಡದೇಶವಾದ ಇಥಿಯೋಪಿಯದ ಕಡೆ ನೋಡಬಹುದು. ಅಲ್ಲಿನ ಹವಾಸ್ಸ, ಅಡಾಮ, ಬಹಿರ್‌ದಾರ್, ಮೆಕೆಲೆ ಎಂಬ ನಾಲ್ಕು ನಗರಗಳು 2013ರ ಸುಮಾರಿನಿಂದ, ಮುಂದಣ ದಶಕಗಳ ಬೆಳವಣಿಗೆಗೆ ಬೇಕಾಗುವ ದೊಡ್ಡ ರಸ್ತೆಗಳ ಗೆರೆಗಳನ್ನು ಊರ ಹೊರಗಿನ ಬಯಲಿನಲ್ಲಿ ಮುಂದಾಗಿ ಗುರುತಿಸಿ ಕಾಯ್ದಿಡುವ ಕೆಲಸಕ್ಕೆ ತೊಡಗಿದವು. ಡಾಂಬರು ಇಲ್ಲ, ಸೇತುವೆ ಇಲ್ಲ. ಗೆರೆಯನ್ನು ಮಾತ್ರ ಹಿಡಿದಿಡುವುದು. ಉಳಿದುದನ್ನು ಹಣ ಬಂದಾಗ ಮಾಡಿಕೊಳ್ಳಬಹುದು. ಇದು ಹೊಸ ಯುಕ್ತಿಯೂ ಅಲ್ಲ. ನ್ಯೂಯಾರ್ಕಿನವರು ಮ್ಯಾನ್‌ಹಟನ್ ದ್ವೀಪದ ಬಹುಭಾಗ ಹೊಲವೂ ಬಂಡೆಯೂ ಆಗಿದ್ದಾಗಲೇ 1811ರಲ್ಲಿ 155ನೆಯ ಬೀದಿಯವರೆಗೆ ನಕ್ಷೆ ಬರೆದಿಟ್ಟರು. ಆಗ ಆ ನಗರದ ಜನಸಂಖ್ಯೆ ಒಂದು ಲಕ್ಷವೂ ಇರಲಿಲ್ಲ. 1810ರ ಗಣತಿಯಂತೆ 96 ಸಾವಿರ ಚಿಲ್ಲರೆ. ಇವತ್ತಿನ ಚಾಮರಾಜನಗರವು ಅದಕ್ಕಿಂತ ಬಹಳ ಸಣ್ಣದೇನೂ ಅಲ್ಲ. ಚಾಮರಾಜನಗರವು ನ್ಯೂಯಾರ್ಕ್ ಆಗಲೆಂದು ನಾವು ಹಾರೈಸುತ್ತಿಲ್ಲ, ಆಗುವುದೂ ಬೇಡ. ಜಿಲ್ಲೆಯ ನೂರು ಜನರಲ್ಲಿ ಎಂಬತ್ತಕ್ಕಿಂತ ಹೆಚ್ಚಿನವರು ಇನ್ನೂ ಹಳ್ಳಿಗಳಲ್ಲಿರುವುದರಿಂದ, ಮುಂದೆ ಪಟ್ಟಣಗಳಾಗಬೇಕಾದ ಸ್ಥಳಗಳ ಬೀದಿಗಳು ಬಹುಮಟ್ಟಿಗೆ ಇನ್ನೂ ಹುಟ್ಟಿಲ್ಲ. ಬೆಂಗಳೂರಿಗೆ ತಪ್ಪಿಹೋದ ಅವಕಾಶ ಇಲ್ಲಿ ತಪ್ಪಿಲ್ಲ.

ಕೆಲಸವನ್ನು ಎಲ್ಲಿಂದ ಮೊದಲು ಮಾಡಬೇಕೆಂದು ಅಧಿಕಾರಿವರ್ಗದವರು ಕೇಳುವುದಾದರೆ, ತಾಲ್ಲೂಕು ಕಚೇರಿಯ ಸರ್ವೆ ವಿಭಾಗದ ಬೀರುವಿನಿಂದ ಎಂದು ನಮ್ಮ ಉತ್ತರ. ಹಳೆಯ ಗ್ರಾಮನಕಾಶೆಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ಬಂಡಿದಾರಿಗಳೂ ಕಾಲುದಾರಿಗಳೂ ಹಳ್ಳಗಳೂ ಗೆರೆಗೆರೆಯಾಗಿ ಗುರುತಾಗಿವೆ. ಕಂದಾಯದ ದಾಖಲೆಗಳಲ್ಲಿ ಇಂಥ ನೆಲವನ್ನು ಸಾರ್ವಜನಿಕರ ಉಪಯೋಗಕ್ಕೆ ಮೀಸಲಾದ ಬಿ-ಖರಾಬೆಂದು ಬಿಡಿಯಾಗಿ ತೆಗೆದಿಟ್ಟಿರುವರು. ಅದನ್ನು ಮಾರುವ ಹಕ್ಕು ಯಾವ ಹೊಲದ ಒಡೆಯನಿಗೂ ಇಲ್ಲ. ಆದರೂ ಹೊಲವು ಬಡಾವಣೆಯಾಗುವ ಸಂಭ್ರಮದಲ್ಲಿ ಆ ದಾರಿಯು ನಿವೇಶನಗಳೊಳಗೆ ಕರಗಿಹೋಗುವುದನ್ನು ಕಂದಾಯ ಇಲಾಖೆಯ ಯಾವ ಅನುಭವಿಯೂ ಅಲ್ಲಗಳೆಯಲಾರನು. ಬಿ-ಖರಾಬು ಹೋಗಿ ಬಿ-ಖಾತೆ ಬರುವುದು ಹೀಗೆ! ರಾಮಸಮುದ್ರ, ಕರಿನಂಜನಪುರಗಳ ಕಡೆಯ ನಕಾಶೆಗಳನ್ನೂ, ಗುಂಡ್ಲುಪೇಟೆಯನ್ನು ಸುತ್ತಿರುವ ಗ್ರಾಮಗಳ ನಕಾಶೆಗಳನ್ನೂ ತೆಗೆದು, ಈಗಿನ ಉಪಗ್ರಹದ ಚಿತ್ರಗಳ ಮೇಲೆ ಹೊಂದಿಸಿ ನೋಡುವುದಕ್ಕೆ ಹೊಸ ಶಾಸನವೂ ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಬಲ್ಲ ಇಬ್ಬರು ಸರ್ವೆಯರುಗಳೂ ಒಬ್ಬ ನಿಷ್ಠುರನಾದ ತಹಸೀಲ್ದಾರನೂ ಸಾಕು. ಉಳಿದಿರುವ ದಾರಿಗಳಿಗೆ ಕಲ್ಲು ನೆಟ್ಟು, ಅವನ್ನು ನಗರಸಭೆಯ ಪುರಸಭೆಯ ಫಲಕಗಳಲ್ಲಿ ಪ್ರಕಟಿಸಿ, ಆಮೇಲೆ ಬರುವ ಪ್ರತಿಯೊಂದು ಬಡಾವಣೆಯ ಬೀದಿಯೂ ಅವುಗಳಿಗೆ ಬಂದು ಕೂಡತಕ್ಕದ್ದೆಂದೂ, ಎಲ್ಲೆಯವರೆಗೆ ತಂದ ಬೀದಿಗೆ ಅಡ್ಡಲಾಗಿ ಗೋಡೆ ಕಟ್ಟಕೂಡದೆಂದೂ ಷರತ್ತು ಹಾಕಿದ ಹೊರತು ಯಾವ ನಕ್ಷೆಗೂ ರುಜು ಬೀಳಕೂಡದು. ಬಿ-ಖಾತೆಯ ಅರ್ಜಿಗಳು ಇನ್ನೂ ಮೇಜಿನ ಮೇಲಿರುವಾಗಲೇ ಇದಾಗಬೇಕು.